ಸೆಲ್ಫ್ ಎತ್ತದಿದ್ದರೆ ತಪ್ಪು ಬ್ಯಾಟರಿಯದ್ದೇ ಆಗಬೇಕಿಲ್ಲ

ಮಳೆ ಶುರುವಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಾರಿನ ಬ್ಯಾಟರಿಯ ದೂರೇ ಜಾಸ್ತಿ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲರ ಕಥೆಯೂ ಹೆಚ್ಚು ಕಡಿಮೆ ಒಂದೇ. ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಟಿಕ್ ಅಂತ ಸದ್ದು, ಆಚೆ ಮನೆಯವರನ್ನು ಕರೆದು ತಳ್ಳಿಸಿದ್ದು, ಅಂಗಡಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದ್ದು, ಸ್ವಲ್ಪ ಸಮಯ ಕಳೆದು ಮತ್ತೆ ಅದೇ ಅವಸ್ಥೆ. ಹಾಗಾಗಿ ಈ ಸಲ ಪೂರ್ತಿ ಜಾಗ ಈ ಒಂದು ವಿಷಯಕ್ಕೇ ಬಿಟ್ಟಿದ್ದೇನೆ.

ಇಲ್ಲಿನ ಹೆಚ್ಚಿನ ಉತ್ತರಗಳಿಗೆ ಬೇಕಾಗುವ ಸಲಕರಣೆ ಒಂದೇ, ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್. ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬ್ಯಾಟರಿಗೆ ಸಾವಿರಗಟ್ಟಲೆ ಕೊಡುವ ಮೊದಲು ಇದನ್ನು ತಂದಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು. ಅಳೆಯದೆ ಬದಲಿಸುವುದು ರಿಪೇರಿ ಅಲ್ಲ, ಸುಮ್ನೆ ಅದೃಷ್ಟ ನೋಡುವುದು ಅಷ್ಟೇ.

ಪ್ರಶ್ನೆ: ಆರು ವರ್ಷ ಹಳೆಯ ಪೆಟ್ರೋಲ್ ಕಾರು. ಕಳೆದ ವರ್ಷ ಹೊಸ ಬ್ಯಾಟರಿ ಹಾಕಿಸಿದೆ. ಈಗ ವಾರಕ್ಕೊಮ್ಮೆಯಾದರೂ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಅಂಗಡಿಯವರು ‘ನಮ್ಮ ಮಾಲಿನಲ್ಲಿ ದೋಷ ಇಲ್ಲ, ಡೈನಮೋ ನೋಡಿಸಿ’ ಅಂತಾರೆ. ಮೆಕ್ಯಾನಿಕ್ ‘ಡೈನಮೋ ಸರಿ ಉಂಟು, ಬ್ಯಾಟರಿ ಬದಲಿಸಿ’ ಅಂತಾರೆ. ಇಬ್ಬರ ನಡುವೆ ಮಂಡೆಬಿಸಿ ಆಗಿದೆ. ಯಾರನ್ನು ನಂಬುವುದು ಸರ್?
— ಬದಿಯಡ್ಕದಿಂದ ಒಬ್ಬ ಅಡಿಕೆ ಕೃಷಿಕರು

ಉತ್ತರ: ಇಬ್ಬರನ್ನೂ ಸದ್ಯಕ್ಕೆ ಬದಿಗಿಡಿ. ನೀವು ಕೃಷಿಕರು, ನಿಮಗೆ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ತೋಟಕ್ಕೆ ನೀರು ಬಾರದಿದ್ದರೆ ಪಂಪು ಎತ್ತುತ್ತಿಲ್ಲವೋ, ಪೈಪು ಕಟ್ಟಿದೆಯೋ, ಟಾಂಕಿ ಒಡೆದಿದೆಯೋ, ಎಲ್ಲಾದರೂ ಸೋರುತ್ತಿದೆಯೋ ಅಂತ ಒಂದೊಂದಾಗಿ ನೋಡುತ್ತೀರಿ ಅಲ್ವಾ? ಕಾರಿನಲ್ಲಿ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವುದು, ಗ್ಯಾರೇಜಿನವರು ‘ಡೈನಮೋ’ ಅನ್ನುವುದು ಇದನ್ನೇ) ಪಂಪು, ವೈರು ಪೈಪು, ಬ್ಯಾಟರಿ ಟಾಂಕಿ. ನೀವು ಟಾಂಕಿಯನ್ನು ಮಾತ್ರ ಬದಲಿಸಿದ್ದೀರಿ. ಉಳಿದ ಮೂರನ್ನು ಯಾರೂ ನೋಡಿಲ್ಲ.

ಮೊದಲ ಅಳತೆ ಬೆಳಿಗ್ಗೆ, ಕಾರಿಗೆ ಕೀ ಹಾಕುವ ಮೊದಲು. ಹಿಂದಿನ ರಾತ್ರಿಯೇ ಬಾನೆಟ್ ತೆರೆದಿಟ್ಟರೆ ಒಳ್ಳೆಯದು, ಯಾಕೆಂದರೆ ಬಾಗಿಲು ತೆಗೆದ ಕೂಡಲೇ ಒಳಗಿನ ಲೈಟು, ಕಂಪ್ಯೂಟರು ಎಲ್ಲ ಎಚ್ಚರವಾಗಿ ಕರೆಂಟ್ ಎಳೆಯಲು ಶುರು ಮಾಡುತ್ತವೆ. ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ ಕೆಂಪು ಕಡ್ಡಿಯನ್ನು ಪ್ಲಸ್‌ಗೆ, ಕಪ್ಪು ಕಡ್ಡಿಯನ್ನು ಮೈನಸ್‌ಗೆ ಇಡಿ. 12.6 ಅಥವಾ ಅದಕ್ಕಿಂತ ತುಸು ಮೇಲೆ ತೋರಿಸಿದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0ಕ್ಕೆ ಬಂದರೆ ಕಾಲು ಭಾಗ ಮಾತ್ರ ಉಳಿದಿದೆ. 11.8ರ ಕೆಳಗೆ ಖಾಲಿ ಅಂತಲೇ ಲೆಕ್ಕ. ಚಾರ್ಜರ್‌ಗೆ ಹಾಕಿ ತೆಗೆದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ ಎಂದರ್ಥ, ಒಂದೊಂದು ಸೆಲ್ಲಿನದ್ದು ಸುಮಾರು 2.1 ವೋಲ್ಟ್. ಅಂಥ ಬ್ಯಾಟರಿಯನ್ನು ಉಳಿಸಲು ಆಗುವುದಿಲ್ಲ, ವಾರಂಟಿ ಇದ್ದರೆ ಕೇಳಿ ಪಡೆಯಿರಿ.

ಎರಡನೆಯದು ಸೆಲ್ಫ್ ಹೊಡೆಯುವಾಗ. ಮನೆಯವರು ಯಾರಾದರೂ ಕೀ ತಿರುಗಿಸಲಿ, ನೀವು ಮೀಟರ್ ನೋಡಿ. ಆ ಹೊತ್ತಿಗೆ ಇನ್ನೂರು ಆಂಪಿಯರ್‌ನಷ್ಟು ಎಳೆತ ಬೀಳುವುದರಿಂದ ವೋಲ್ಟೇಜ್ ಇಳಿಯುವುದು ಸಹಜ, ಆದರೆ 9.6ರ ಕೆಳಗೆ ಹೋಗಬಾರದು. ನಮ್ಮ ಸೆಕೆಗೆ ಒಳ್ಳೆಯ ಬ್ಯಾಟರಿ 10ರ ಮೇಲೆಯೇ ನಿಲ್ಲುತ್ತದೆ. ನಿಂತಾಗ 12.6 ತೋರಿಸಿ ಸೆಲ್ಫ್ ಹೊಡೆಯುವಾಗ 8ಕ್ಕೆ ಬೀಳುವ ಬ್ಯಾಟರಿಗಳೂ ಇವೆ. ನೋಡಲು ತುಂಬಿದ ಹಾಗೆ ಕಂಡರೂ ಅದರಲ್ಲಿ ತ್ರಾಣ ಇಲ್ಲ.

ಮೂರನೆಯದು ಇಂಜಿನ್ ಓಡುತ್ತಿರುವಾಗ. ಬ್ಯಾಟರಿಯ ಮೇಲೆ 13.8ರಿಂದ 14.5 ಬರಬೇಕು. ಅಷ್ಟಕ್ಕೆ ಬಿಡಬೇಡಿ. ಹೆಡ್‌ಲೈಟ್, ಎಸಿ ಬ್ಲೋವರ್, ವೈಪರ್ ಎಲ್ಲ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ನೋಡಿ. ಆಗಲೂ 13.5ರ ಆಚೀಚೆ ನಿಂತರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ. 12.5, 12.3 ಅಂತ ಇಳಿಯುತ್ತಾ ಹೋದರೆ ಅದು ಏನೂ ಕೊಡುತ್ತಿಲ್ಲ, ಬ್ಯಾಟರಿಯೇ ಎಲ್ಲವನ್ನೂ ಹೊತ್ತುಕೊಂಡಿದೆ.

ಕಡಿಮೆ ಬಂದ ತಕ್ಷಣ ಆಲ್ಟರ್ನೇಟರ್ ಕಳಚಬೇಡಿ. ಮೊದಲು ವೈರು ನೋಡಿ. ಇಂಜಿನ್ ಓಡುತ್ತಾ ಲೈಟು ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬಕ್ಕೆ ಇಡಿ. ಕ್ಲಾಂಪಿಗೆ ಅಲ್ಲ, ಸೀಸದ ಕಂಬಕ್ಕೇ ಇಡಬೇಕು. ಇದನ್ನು ಮಾಡುವಾಗ ಅಂಗಿಯ ತೋಳು, ಶಾಲು ಬೆಲ್ಟಿನ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ. ಮೀಟರ್ 0.2, ಹೆಚ್ಚೆಂದರೆ 0.3 ವೋಲ್ಟ್ ತೋರಿಸಬಹುದು. ಒಂದು ವೋಲ್ಟ್ ತೋರಿಸಿದರೆ ಆಲ್ಟರ್ನೇಟರ್ ಕೊಟ್ಟದ್ದರಲ್ಲಿ ಒಂದು ವೋಲ್ಟನ್ನು ದಾರಿಯಲ್ಲೇ ವೈರು ನುಂಗುತ್ತಿದೆ. ಹಾಗೆಯೇ ಬ್ಯಾಟರಿಯ ಮೈನಸ್ ಕಂಬ ಮತ್ತು ಇಂಜಿನ್ ಮೈಯ ನಡುವೆ ಅಳೆಯಿರಿ. ಇಲ್ಲೂ 0.2 ದಾಟಿದರೆ ಇವೆರಡನ್ನು ಸೇರಿಸುವ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ. ಆ ಪಟ್ಟಿ ಬದಲಿಸುವ ಖರ್ಚು ಹೊಸ ಬ್ಯಾಟರಿಯ ಮುಂದೆ ಏನೂ ಅಲ್ಲ, ಆದರೆ ಅದನ್ನು ನೋಡುವವರೇ ಕಡಿಮೆ.

ಎರಡನೆಯ, ಮೂರನೆಯ ಅಳತೆ ಸರಿ ಬಂದು, ರಾತ್ರಿ 12.6 ಇದ್ದದ್ದು ಬೆಳಿಗ್ಗೆ 12.1 ಆಗಿದ್ದರೆ ಎಲ್ಲೋ ಸೋರುತ್ತಿದೆ. ಅದನ್ನು ಹುಡುಕುವ ಕ್ರಮ ಮುಂದಿನ ಉತ್ತರದಲ್ಲಿದೆ. ರೀಡಿಂಗ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಅದನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. ನಮ್ಮ ಕಡೆ ಗ್ಯಾರೇಜಿನಲ್ಲಿ ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಮಾತಾಡಿದರೂ ‘ಓಡುವಾಗ 12.4’ ಎಂಬ ಚೀಟಿಯ ಮುಂದೆ ವಾದ ಮಾಡಲು ಆಗುವುದಿಲ್ಲ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಕಾರು ಊರಿನ ಮನೆಯಲ್ಲಿ ನಿಂತಿರುತ್ತದೆ. ತಂದೆಯವರು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುತ್ತಾರೆ. ಆದರೂ ಪ್ರತಿ ಸಲ ರಜೆಗೆ ಬಂದಾಗ ಬ್ಯಾಟರಿ ಡೌನ್. ಎಂತ ಮಾಡುವುದು?
— ಉಪ್ಪಳದ ಓದುಗರು, ಈಗ ಗಲ್ಫ್‌ನಲ್ಲಿ

ಉತ್ತರ: ಈ ಪ್ರಶ್ನೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳದ್ದು. ತಂದೆಯವರ ಕಾಳಜಿಗೆ ಏನೂ ಹೇಳುವ ಹಾಗಿಲ್ಲ, ಆದರೆ ಆ ಐದು ನಿಮಿಷದಿಂದ ಪ್ರಯೋಜನ ಇಲ್ಲ. ಸೆಲ್ಫ್ ಹೊಡೆಯಲು ಹೋಗುವುದು ನಿಜಕ್ಕೂ ಸ್ವಲ್ಪವೇ. ಇನ್ನೂರು ಆಂಪಿಯರ್ ಎರಡು ಸೆಕೆಂಡ್ ಹರಿದರೆ ಅದು 0.11 ಆಂಪಿಯರ್ ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್), ಅಷ್ಟೇ. ಅದು ಬೇಗ ವಾಪಸ್ ಬರುತ್ತದೆ. ಬಾರದೆ ಉಳಿಯುವುದು ಉಳಿದ ಆರು ದಿನ ನಿಂತಲ್ಲೇ ಇಳಿದದ್ದು. ಅಲಾರಂ, ರಿಮೋಟ್ ಲಾಕ್, ಗಡಿಯಾರ, ಇಸಿಯು (ಇಂಜಿನ್ ಕಂಪ್ಯೂಟರ್) ಇವೆಲ್ಲ ನಿದ್ದೆಯಲ್ಲೂ ಸ್ವಲ್ಪ ಸ್ವಲ್ಪ ಕುಡಿಯುತ್ತವೆ. 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್ ಅವರ್, ತಿಂಗಳಿಗೆ 36. ನಿಮ್ಮದು 45 ಆಂಪಿಯರ್ ಅವರ್ ಬ್ಯಾಟರಿ ಆದರೆ ಉಳಿಯುವುದು ಎಷ್ಟು ಅಂತ ನೀವೇ ನೋಡಿ. ಅದರ ಜೊತೆಗೆ ಬ್ಯಾಟರಿ ತನ್ನಷ್ಟಕ್ಕೆ ಇಳಿಯುವುದೂ ಇದೆ, ಸೆಕೆ ಜಾಸ್ತಿ ಆದಷ್ಟು ಅದೂ ಜಾಸ್ತಿ. ಹೀಗೆ ಅರ್ಧ ಇಳಿದು ತಿಂಗಳುಗಟ್ಟಲೆ ನಿಂತ ಬ್ಯಾಟರಿಯ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳು ಕಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ನೀವು ಪ್ರತಿ ರಜೆಯಲ್ಲೂ ಬ್ಯಾಟರಿ ಕಳೆದುಕೊಳ್ಳುತ್ತಿರುವುದು ಹೀಗೆ.

ಎರಡು ತಿಂಗಳಿಗಿಂತ ಜಾಸ್ತಿ ನಿಲ್ಲಿಸುವುದಾದರೆ ಬ್ಯಾಟರಿ ತುಂಬಿಸಿ ಮೈನಸ್ ಟರ್ಮಿನಲ್ ಕಳಚಿಡಿ. ಸ್ಟೀರಿಯೋಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ, ಡಿಕ್ಕಿ ಬಾಗಿಲು ಕರೆಂಟಿನಲ್ಲೇ ತೆರೆಯುವ ಕಾರಾದರೆ ಕಾರಿನ ಕೀ ಡಿಕ್ಕಿಯೊಳಗೆ ಉಳಿಯದ ಹಾಗೆ ನೋಡಿಕೊಳ್ಳಿ. ಕಳಚುವುದು ಬೇಡ ಎಂದಾದರೆ ತುಂಬಿದ ಮೇಲೆ ತಾನೇ ಕಡಿಮೆಯಾಗುವ ಚಾರ್ಜರ್ ಸಿಗುತ್ತದೆ, ಅದನ್ನು ಪೋರ್ಟಿಕೋದಲ್ಲಿ ಹಚ್ಚಿಡಬಹುದು. ಅದೂ ಬೇಡ ಎಂದರೆ ತಂದೆಯವರು ವಾರಕ್ಕೊಮ್ಮೆ ಕಾರನ್ನು ಓಡಿಸಲಿ, ಉಪ್ಪಳದಿಂದ ಕಾಸರಗೋಡಿಗೆ ಹೋಗಿ ಬಂದರೆ ಸಾಕು. ಟೈರಿಗೂ ಬ್ರೇಕಿಗೂ ಒಳ್ಳೆಯದು.

ಕಾರು ಬರೇ ನಾಲ್ಕೈದು ದಿನ ನಿಂತರೆ ಖಾಲಿ ಆಗುವುದಾದರೆ ಅದು ಬೇರೆ ಕಥೆ, ಏನೋ ಹೆಚ್ಚು ಎಳೆಯುತ್ತಿದೆ. ಅರ್ಧ ಆಂಪಿಯರ್ ಸೋರಿದರೆ ದಿನಕ್ಕೆ 12 ಆಂಪಿಯರ್ ಅವರ್ ಹೋಗುತ್ತದೆ. ಹುಡುಕುವುದು ಹೀಗೆ. ಬಾನೆಟ್ ತೆರೆದು, ಬಾಗಿಲು ಲಾಕ್ ಮಾಡಿ, ಮೈನಸ್ ಕೇಬಲ್ ಕಳಚಿ. ಮೀಟರನ್ನು 10 ಆಂಪಿಯರ್‌ಗೆ ಹಾಕಿ, ಕಡ್ಡಿಯನ್ನೂ ಆ ತೂತಿಗೇ ಬದಲಿಸಿ, ಕಳಚಿದ ಕೇಬಲ್ ಮತ್ತು ಮೈನಸ್ ಕಂಬದ ನಡುವೆ ಮೀಟರ್ ಸೇರಿಸಿ. ಶುರುವಿಗೆ ಕೆಲವು ಆಂಪಿಯರ್ ತೋರಿಸಬಹುದು, ಗಾಬರಿ ಬೇಡ. ಕಂಪ್ಯೂಟರುಗಳು ನಿದ್ದೆಗೆ ಹೋಗಲು ಅರ್ಧ ಗಂಟೆ, ಕೆಲವು ಕಾರಿನಲ್ಲಿ ಅದಕ್ಕಿಂತಲೂ ಹೆಚ್ಚು ಬೇಕು. ಕೊನೆಗೆ 0.05ರ ಕೆಳಗೆ ನಿಂತರೆ ಸರಿ. 0.3, 0.5 ಅಂತ ನಿಂತರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಅಂಕಿ ಧುಮುಕುತ್ತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ಮೀಟರ್ ಹೀಗೆ ಸಿಕ್ಕಿಸಿಟ್ಟಿರುವಾಗ ಯಾರೂ ಕೀ ತಿರುಗಿಸಬಾರದು, ಮೀಟರಿನ ಫ್ಯೂಸ್ ಸುಟ್ಟು ಹೋಗುತ್ತದೆ.

ಮೊದಲು ಸಂಶಯ ಪಡಬೇಕಾದದ್ದು ಆಮೇಲೆ ಹಾಕಿಸಿದ ಸಾಮಾನುಗಳನ್ನು. ಸ್ಟೀರಿಯೋ, ಆಂಪ್ಲಿಫೈಯರ್, ಡ್ಯಾಶ್‌ಕ್ಯಾಮ್, ಜಿಪಿಎಸ್, ಎಲ್‌ಇಡಿ ಪಟ್ಟಿ. ಕೀ ತೆಗೆದರೂ ಕರೆಂಟ್ ಇರುವ ವೈರಿಗೆ ಇವನ್ನು ಸೇರಿಸಿದ ಕೆಲಸ ತುಂಬ ಕಡೆ ಕಾಣಸಿಗುತ್ತದೆ. ಆಮೇಲೆ ಡಿಕ್ಕಿ ಲೈಟು. ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಲೀಕ್ ಆಗುತ್ತಿರಬಹುದು, ಏಕೆಂದರೆ ಅದರ ದಪ್ಪ ವೈರು ಒಳಗಿನ ಫ್ಯೂಸ್ ಪೆಟ್ಟಿಗೆಗೆ ಹೋಗದೆ ನೇರವಾಗಿ ಬ್ಯಾಟರಿ ಕಡೆಗೇ ಬರುತ್ತದೆ.

ಪ್ರಶ್ನೆ: ಆಲ್ಟರ್ನೇಟರ್ ಪರೀಕ್ಷೆ ಮಾಡಲು ಗ್ಯಾರೇಜಿನವರು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಎತ್ತಿದರು. ಇಂಜಿನ್ ನಿಲ್ಲಲಿಲ್ಲ, ‘ಡೈನಮೋ ಓಕೆ’ ಅಂದರು. ಎರಡು ದಿನದಲ್ಲಿ ಮೀಟರ್ ಬೋರ್ಡಿನ ಲೈಟುಗಳು ಹುಚ್ಚು ಹುಚ್ಚಾಗಿ ಉರಿಯಲು ಶುರುವಾದವು. ಸಂಬಂಧ ಇದೆಯೇ?
— ಕುಂಬಳೆಯಿಂದ ಓದುಗರೊಬ್ಬರು

ಉತ್ತರ: ಸಂಬಂಧ ಇರುವ ಸಾಧ್ಯತೆ ಧಾರಾಳ ಇದೆ. ದಯವಿಟ್ಟು ಎಲ್ಲರೂ ಇದನ್ನು ಓದಿ: ಓಡುವ ಇಂಜಿನ್ನಿನಲ್ಲಿ ಬ್ಯಾಟರಿ ಕಳಚಲು ಯಾರಿಗೂ ಬಿಡಬೇಡಿ. ಹಳೆಯ ಜೀಪು, ಹಳೆಯ ಡೀಸೆಲ್ ಕಾರುಗಳ ಕಾಲದಲ್ಲಿ ಈ ಪರೀಕ್ಷೆ ನಡೆಯುತ್ತಿತ್ತು, ಅವುಗಳಲ್ಲಿ ಹಾಳಾಗಲು ಕಂಪ್ಯೂಟರೇ ಇರಲಿಲ್ಲ. ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಕೊಡುತ್ತಿರುವಾಗ ಬ್ಯಾಟರಿ ಹಠಾತ್ತಾಗಿ ಇಲ್ಲವಾದರೆ ವೋಲ್ಟೇಜನ್ನು ಹದದಲ್ಲಿಡುವ ಒಳಗಿನ ರೆಗ್ಯುಲೇಟರಿಗೆ ಅಷ್ಟು ಬೇಗ ತಗ್ಗಿಸಲು ಆಗುವುದಿಲ್ಲ. ವೋಲ್ಟೇಜ್ ಕ್ಷಣಕಾಲ 40 ವೋಲ್ಟ್ ದಾಟಿ ಹೋಗಬಹುದು, ತಡೆ ಇಲ್ಲದ ಆಲ್ಟರ್ನೇಟರ್ ಆದರೆ ಇನ್ನೂ ಮೇಲೆ. ಇಸಿಯು, ಏರ್‌ಬ್ಯಾಗ್ ಕಂಟ್ರೋಲರ್, ಮೀಟರ್ ಬೋರ್ಡ್, ಆಲ್ಟರ್ನೇಟರಿನ ಡಯೋಡುಗಳು, ಯಾವುದಕ್ಕೆ ಪೆಟ್ಟು ಬೀಳುತ್ತದೆ ಅಂತ ಹೇಳಲು ಸಾಧ್ಯವಿಲ್ಲ.

ಅದೂ ಅಲ್ಲದೆ ಆ ಪರೀಕ್ಷೆಯಿಂದ ತಿಳಿಯುವುದು ತುಂಬ ಕಡಿಮೆ. ಆಲ್ಟರ್ನೇಟರ್ ಒಳಗೆ ಹುಟ್ಟುವುದು ದಿಕ್ಕು ಬದಲಿಸುತ್ತಾ ಹರಿಯುವ ಮೂರು ಫೇಸಿನ ಎಸಿ ಕರೆಂಟ್, ಅದನ್ನು ಡಯೋಡುಗಳು ಒಂದೇ ದಿಕ್ಕಿನ ಡಿಸಿ ಮಾಡುತ್ತವೆ. ಒಂದು ಡಯೋಡ್ ಹೋದರೂ ಇಂಜಿನ್ ಓಡುತ್ತದೆ. ಮೀಟರ್ ಇದ್ದರೆ ಎರಡು ನಿಮಿಷದ ಕೆಲಸ: ಇಂಜಿನ್ ಓಡುತ್ತಾ ಹೆಡ್‌ಲೈಟ್ ಉರಿಯುತ್ತಿರುವಾಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲಿಡಿ. 0.1ರ ಸುತ್ತಮುತ್ತ ಇದ್ದರೆ ಚೆನ್ನ. 0.5 ದಾಟಿದರೆ ಡಯೋಡ್ ಹೋಗಿದೆ. ತೀರಾ ಅಗ್ಗದ ಕೆಲವು ಮೀಟರುಗಳು ಎಸಿ ವೋಲ್ಟಿನಲ್ಲಿ ಡಿಸಿಯನ್ನೂ ಸೇರಿಸಿ ತಪ್ಪು ತೋರಿಸುತ್ತವೆ. ಇಂಜಿನ್ ನಿಂತಿರುವಾಗ ಒಮ್ಮೆ ಅಳೆದು ಸೊನ್ನೆ ಬರುತ್ತದೋ ನೋಡಿಕೊಳ್ಳಿ.

ನಿಮ್ಮ ಕಾರಿಗೆ ಈಗ ಸ್ಕ್ಯಾನರ್ ಹಾಕಿ ಕಾರಿನ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದಿಸಿ. ಬೋರ್ಡ್ ಬದಲಿಸುವ ಮಾತಿಗೆ ಹೋಗುವ ಮೊದಲು ಆ ಎತ್ತಿದ ಟರ್ಮಿನಲ್ ಗಟ್ಟಿಯಾಗಿ ಕೂತಿದೆಯೇ ಅಂತಲೂ ನೋಡಿ, ಸಡಿಲ ಟರ್ಮಿನಲ್ಲಿನಿಂದಲೂ ಲೈಟುಗಳು ಹೀಗೆ ಆಡುತ್ತವೆ.

ಪ್ರಶ್ನೆ: ಬ್ಯಾಟರಿಗೆ ನಮ್ಮ ಸುರಂಗದ ನೀರು ಹಾಕಬಹುದೇ? ಕುಡಿಯಲು ಅಷ್ಟು ಶುದ್ಧ ಇದೆ.
— ಪೆರ್ಲ ಕಡೆಯಿಂದ

ಉತ್ತರ: ಬೇಡ. ಗುಡ್ಡೆಯ ಒಳಗಿಂದ ಬರುವ ಸುರಂಗದ ನೀರು ಕುಡಿಯಲು ಎಷ್ಟು ಚೆನ್ನಾಗಿದ್ದರೂ ಅದರಲ್ಲಿ ಮಣ್ಣಿನ ಲವಣ, ಕಬ್ಬಿಣದಂಥವು ಕರಗಿರುತ್ತವೆ. ಅವು ಪ್ಲೇಟಿನ ಆಯುಷ್ಯ ಕಡಿಮೆ ಮಾಡುತ್ತವೆ, ಬ್ಯಾಟರಿ ತನ್ನಷ್ಟಕ್ಕೆ ಇಳಿಯುವುದನ್ನು ಹೆಚ್ಚಿಸುತ್ತವೆ. ಡಿಸ್ಟಿಲ್ಡ್ ವಾಟರ್ ಮಾತ್ರ. ಮನೆಯ ಇನ್‌ವರ್ಟರ್ ಬ್ಯಾಟರಿಗೂ ಇದೇ ಮಾತು. ಆಸಿಡ್ ಅಂತೂ ಎಂದೂ ಸೇರಿಸಬೇಡಿ, ಆವಿಯಾಗಿ ಹೋಗುವುದು ನೀರು ಮಾತ್ರ. ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಿಸಿ. ಮುಚ್ಚಿದ ಬ್ಯಾಟರಿ ಆದರೆ ಮೇಲಿನ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ, ಅದು ಆರು ಸೆಲ್‌ನಲ್ಲಿ ಒಂದರ ಸ್ಥಿತಿ ಮಾತ್ರ ಹೇಳುತ್ತದೆ.

ಪ್ರಶ್ನೆ: ಸುಬ್ರಹ್ಮಣ್ಯಕ್ಕೆ ಹೋಗಿ ವಾಪಸ್ ಬರುವಾಗ ಜಾಲ್ಸೂರು ದಾಟಿದ ಮೇಲೆ ಬ್ಯಾಟರಿ ಚಿಹ್ನೆಯ ಕೆಂಪು ಲೈಟು ಹತ್ತಿತು. ರಾತ್ರಿ, ಜೋರು ಮಳೆ, ಮಕ್ಕಳೂ ಇದ್ದರು. ಹೇಗೋ ಮುಳ್ಳೇರಿಯದವರೆಗೆ ಬಂದೆವು, ಅಲ್ಲಿ ನಿಂತಿತು. ಇಂಥ ಹೊತ್ತಲ್ಲಿ ಎಷ್ಟು ದೂರ ಹೋಗಬಹುದು?
— ಚೆರ್ಕಳದ ಓದುಗರು

ಉತ್ತರ: ಮಕ್ಕಳನ್ನು ಇಟ್ಟುಕೊಂಡು ಆ ಕಾಡು ದಾರಿಯಲ್ಲಿ ಹೇಗಾಗಿರಬೇಡ. ಇನ್ನೊಮ್ಮೆ ಹೀಗಾದರೆ ಮೊದಲು ಟೆಂಪರೇಚರ್ ನೋಡಿ. ತುಂಬ ಕಾರುಗಳಲ್ಲಿ ಆಲ್ಟರ್ನೇಟರ್ ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ತುಂಡಾಗಿದ್ದರೆ ಬಿಸಿ ಏರುತ್ತದೆ, ಹಳೆಯ ಕಾರಾದರೆ ಸ್ಟೀರಿಂಗೂ ಭಾರವಾಗುತ್ತದೆ. ಆಗ ಒಂದು ಕಿಲೋಮೀಟರ್ ಕೂಡ ಮುಂದೆ ಹೋಗಬೇಡಿ, ಇಂಜಿನ್ನೇ ಹಾಳಾಗುತ್ತದೆ.

ಬೆಲ್ಟ್ ಇದ್ದು ಚಾರ್ಜ್ ಮಾತ್ರ ಇಲ್ಲ ಎಂದಾದರೆ ಲೆಕ್ಕ ಹೀಗೆ. ಎರಡು ಹೆಡ್‌ಲೈಟಿಗೆ ಹತ್ತು ಆಂಪಿಯರ್ ಹತ್ತಿರ, ಇಂಜಿನ್ ಕಂಪ್ಯೂಟರ್, ಪೆಟ್ರೋಲ್ ಪಂಪು, ಇಗ್ನಿಷನ್ ಸೇರಿ ಇನ್ನೊಂದು ಹತ್ತು, ವೈಪರಿಗೆ ನಾಲ್ಕೈದು. ಬ್ಲೋವರ್ ಜೋರಾಗಿದ್ದರೆ ಅದೂ ಹತ್ತಿರ ಹತ್ತಿರ ಹತ್ತು. ಒಟ್ಟು ಮೂವತ್ತು ದಾಟುತ್ತದೆ. 45ರ ಬ್ಯಾಟರಿ ಕಾಗದದ ಮೇಲೆ ಒಂದೂವರೆ ಗಂಟೆ ಬರಬೇಕು, ನಿಜದಲ್ಲಿ ಅಷ್ಟು ಎಳೆತಕ್ಕೆ ಅರ್ಧ, ಮುಕ್ಕಾಲು ಗಂಟೆಯಲ್ಲೇ ವೋಲ್ಟೇಜ್ ಬಿದ್ದು ಇಂಜಿನ್ ಮಿಸ್ ಹೊಡೆಯುತ್ತದೆ. ಹಗಲಾದರೆ ಎಲ್ಲ ಆಫ್ ಮಾಡಿ ಇದರ ದುಪ್ಪಟ್ಟು ಹೋಗಬಹುದು. ಹಾಗಾಗಿ ಲೈಟು ಹತ್ತಿದ ಕೂಡಲೇ ಎಸಿ, ಬ್ಲೋವರ್, ಸ್ಟೀರಿಯೋ, ಫೋನ್ ಚಾರ್ಜರ್ ಆಫ್ ಮಾಡಿ. ಹೆಡ್‌ಲೈಟ್ ಮತ್ತು ವೈಪರ್ ಮಾತ್ರ ಆಫ್ ಮಾಡಬೇಡಿ, ಬ್ಯಾಟರಿ ಉಳಿಸಲು ಹೋಗಿ ತಿರುವಿನಲ್ಲಿ ಅಪಘಾತ ಆಗಬಾರದು. ಇಂಜಿನ್ ನಿಲ್ಲಿಸಬೇಡಿ, ಮತ್ತೆ ಸೆಲ್ಫ್ ಎತ್ತುವುದಿಲ್ಲ. ಕರೆಂಟಿನ ಪವರ್ ಸ್ಟೀರಿಂಗ್ ಇದ್ದರೆ ವೋಲ್ಟೇಜ್ ಬಿದ್ದಾಗ ಅದು ಬಿಗಿಯಾಗಬಹುದು, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಮನೆ, ಅಂಗಡಿ, ಬೆಳಕು ಇರುವ ಮೊದಲ ಜಾಗದಲ್ಲಿ ನಿಲ್ಲಿಸಿ.

ಇನ್ನು ಆಲ್ಟರ್ನೇಟರ್ ಪೂರ್ತಿ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ಕೂಡಲೇ ಒಪ್ಪಬೇಡಿ. ಒಳಗಿನ ಕಾರ್ಬನ್ ಬ್ರಷ್ ಸವೆದು ಚಾರ್ಜ್ ನಿಲ್ಲುವುದು ಸಾಮಾನ್ಯ. ಬ್ರಷ್, ರೆಗ್ಯುಲೇಟರ್, ಡಯೋಡ್ ಪ್ಲೇಟ್, ಬೇರಿಂಗ್ ಬಹಳಷ್ಟು ಮಾದರಿಗಳಿಗೆ ಬೇರೆ ಬೇರೆಯಾಗಿ ಸಿಗುತ್ತವೆ. ಹೆಸರಿಲ್ಲದ ಹೊಸ ಆಲ್ಟರ್ನೇಟರಿಗಿಂತ ಒಳ್ಳೆಯ ಆಟೋ ಇಲೆಕ್ಟ್ರಿಷಿಯನ್ ಬಿಚ್ಚಿ ರಿಪೇರಿ ಮಾಡಿದ ಕಂಪನಿಯ ಆಲ್ಟರ್ನೇಟರನ್ನೇ ನಾನು ನಂಬುವುದು.

ಪ್ರಶ್ನೆ: ಹೆಡ್‌ಲೈಟ್ ಬಲ್ಬ್ ಪದೇ ಪದೇ ಸುಡುತ್ತದೆ. ಬಾನೆಟ್ ತೆರೆದರೆ ಕೊಳೆತ ಮೊಟ್ಟೆಯ ವಾಸನೆ. ಬ್ಯಾಟರಿಯ ಬದಿ ಉಬ್ಬಿದ ಹಾಗೆ ಕಾಣುತ್ತದೆ.
— ಮಂಜೇಶ್ವರದಿಂದ

ಉತ್ತರ: ಕಾರು ಓಡಿಸುವುದನ್ನು ಇವತ್ತೇ ನಿಲ್ಲಿಸಿ. ಓವರ್ ಚಾರ್ಜ್ ಆಗುತ್ತಿದೆ, ರೆಗ್ಯುಲೇಟರ್ (ಹಳೆಯ ಮೆಕ್ಯಾನಿಕ್‌ಗಳು ‘ಕಟೌಟ್’ ಅನ್ನುವುದು) ಕೈಕೊಟ್ಟಿದೆ. ಅಳೆದರೆ ಇಂಜಿನ್ ಓಡುವಾಗ 15ರ ಮೇಲೆ ಬರುತ್ತದೆ ಅಂತ ನನ್ನ ಅಂದಾಜು. ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ದು, ಅದು ವಿಷ. ಜೊತೆಗೆ ವಾಸನೆ ಇಲ್ಲದ ಹೈಡ್ರೋಜನ್ ಕೂಡ ಬರುತ್ತದೆ, ಒಂದು ಕಿಡಿಗೆ ಬ್ಯಾಟರಿ ಸಿಡಿಯಬಹುದು. ಬಾನೆಟ್ ತೆರೆದಿಟ್ಟು ತಣಿಯಲು ಬಿಡಿ, ಹತ್ತಿರ ಬೀಡಿ, ಸಿಗರೇಟ್ ಬೇಡವೇ ಬೇಡ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಆದರೆ ರೆಗ್ಯುಲೇಟರ್ ಸರಿ ಮಾಡಿಸದೆ ಹೊಸ ಬ್ಯಾಟರಿ ಹಾಕಿಸಿದರೆ ಅದೂ ಹೀಗೇ ಹಾಳಾಗುತ್ತದೆ. ಹಳೆಯದನ್ನು ಗುಜರಿಗೆ ಕೊಡದೆ ಬ್ಯಾಟರಿ ಅಂಗಡಿಗೇ ವಾಪಸ್ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸ್ ಪಡೆದು ಸರಿಯಾಗಿ ಕರಗಿಸುವ ಏರ್ಪಾಡು ಮಾಡುವ ಹೊಣೆ ತಯಾರಕರದ್ದು. ಸೀಸ ಮತ್ತು ಆಸಿಡ್ ನಮ್ಮ ಬಾವಿಗೆ ಇಳಿಯುವುದು ಬೇಡ.

ಪ್ರಶ್ನೆ: ನೀವು ಹಿಂದೊಮ್ಮೆ ಬರೆದ ಹಾಗೆ ಅಳೆದೆ. ನನ್ನ ಹೊಸ ಕಾರಿನಲ್ಲಿ ಓಡುವಾಗ ಒಮ್ಮೆ 12.8, ಒಮ್ಮೆ 14.8 ತೋರಿಸುತ್ತದೆ. ಆಲ್ಟರ್ನೇಟರ್ ಹಾಳೇ?
— ನೀರ್ಚಾಲಿನ ಕಾಲೇಜು ವಿದ್ಯಾರ್ಥಿ

ಉತ್ತರ: ಹಾಳಲ್ಲ. ಹೊಸ ಕಾರುಗಳಲ್ಲಿ ಎಷ್ಟು ಚಾರ್ಜ್ ಮಾಡಬೇಕು ಅಂತ ಇಸಿಯು ನಿರ್ಧರಿಸುತ್ತದೆ. ಬ್ಯಾಟರಿ ತುಂಬಿದ್ದರೆ ಪೆಟ್ರೋಲ್ ಉಳಿಸಲು ಆಲ್ಟರ್ನೇಟರನ್ನು ತಗ್ಗಿಸುತ್ತದೆ, ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ ಏರಿಸುತ್ತದೆ. ಮೈಲ್ಡ್ ಹೈಬ್ರಿಡ್ (ಇಂಜಿನ್ನಿಗೆ ಚಿಕ್ಕ ಮೋಟಾರಿನ ಸಹಾಯ ಇರುವ) ಕಾರುಗಳಲ್ಲಿ ಈ ಏರಿಳಿತ ಇನ್ನೂ ಚೆನ್ನಾಗಿ ಕಾಣುತ್ತದೆ. ಇಂಥ ಕಾರಿನಲ್ಲಿ ಹೆಡ್‌ಲೈಟ್, ಬ್ಲೋವರ್ ಹಾಕಿ ಕೆಲವು ನಿಮಿಷ ನೋಡಬೇಕು, ಬೇಕಾದಾಗ 14ಕ್ಕೆ ಏರುತ್ತಿದ್ದರೆ ಸರಿ. ಬ್ಯಾಟರಿಯ ಮೈನಸ್ ಕಂಬದ ಮೇಲೆ ಚಿಕ್ಕ ಸೆನ್ಸರ್ ಇರುತ್ತದೆ. ಚಾರ್ಜರ್ ಹಚ್ಚುವಾಗ ಕಪ್ಪು ಕ್ಲಿಪ್ಪನ್ನು ಆ ಕಂಬಕ್ಕೆ ಹಾಕದೆ ಕಾರಿನ ಮೈಯ ಅರ್ತ್ ಜಾಗಕ್ಕೆ ಹಾಕಬೇಕು, ಇಲ್ಲದಿದ್ದರೆ ಒಳಗೆ ಹೋದ ಚಾರ್ಜಿನ ಲೆಕ್ಕ ಇಸಿಯುಗೆ ತಪ್ಪುತ್ತದೆ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ಸ್ಟಾರ್ಟ್ ಆಗುವ ಕಾರಾದರೆ ಬದಲಿಸುವಾಗಲೂ ಅದೇ ಜಾತಿಯ, ಅಂದರೆ ಇಎಫ್‌ಬಿ ಅಥವಾ ಎಜಿಎಂ (ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಜಾತಿಗಳು) ಬ್ಯಾಟರಿಯನ್ನೇ ಹಾಕಿಸಿ. ಸಾದಾ ಬ್ಯಾಟರಿ ಅಗ್ಗ ಅಂತ ಹಾಕಿಸಿದರೆ ಬೇಗ ಸೋಲುತ್ತದೆ.

ಪ್ರಶ್ನೆ: ಸಮುದ್ರದ ಹತ್ತಿರ ಮನೆ. ಟರ್ಮಿನಲ್ ಮೇಲೆ ಬಿಳಿ, ನೀಲಿ ಪುಡಿ ಎಷ್ಟು ಉಜ್ಜಿದರೂ ಮತ್ತೆ ಬರುತ್ತದೆ.
— ಬೇಕಲದಿಂದ

ಉತ್ತರ: ಬ್ಯಾಟರಿಯ ಆಸಿಡ್ ಆವಿ ಲೋಹಕ್ಕೆ ತಾಗಿ ಆ ಪುಡಿ ಆಗುವುದು. ಉಪ್ಪಿನ ಗಾಳಿ, ಮಳೆಗಾಲದ ತೇವ ಅದಕ್ಕೆ ಸೇರಿಕೊಳ್ಳುತ್ತವೆ. ಮೊದಲು ಮೈನಸ್ ಕಳಚಿ, ಆಮೇಲೆ ಪ್ಲಸ್. ಅಡಿಗೆ ಸೋಡಾ ನೀರಿನಲ್ಲಿ ಕರಗಿಸಿ ಹಳೆಯ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒರೆಸಿ ಒಣಗಿಸಿ. ಸೋಡಾ ನೀರು ಸೆಲ್ಲಿನ ಒಳಗೆ ಹೋಗಬಾರದು. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ, ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಬಳಿಯಿರಿ. ಒಂದೇ ಕಂಬದಲ್ಲಿ ಬೇಗ ಬೇಗ ಬರುತ್ತಿದ್ದರೆ ಆ ಕಂಬದ ಬುಡದಲ್ಲಿ ಬಿರುಕು ಇದೆಯೇ ನೋಡಿ, ಓವರ್ ಚಾರ್ಜ್ ಇದೆಯೇ ಅಂತಲೂ ಒಮ್ಮೆ ಅಳೆಯಿರಿ.

ಪ್ರಶ್ನೆ: ಮಳೆಗೆ ನೀರಿನಲ್ಲಿ ಹೋಗಿ ಬಂದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕಿರ್ರ್ ಅಂತ ಕೂಗುತ್ತದೆ, ಆಮೇಲೆ ನಿಲ್ಲುತ್ತದೆ.
— ವರ್ಕಾಡಿಯಿಂದ

ಉತ್ತರ: ಬೆಲ್ಟ್ ಜಾರುತ್ತಿದೆ. ಸೆಲ್ಫ್ ಹೊಡೆದ ಕೂಡಲೇ ಆಲ್ಟರ್ನೇಟರಿಗೆ ಹೊರೆ ಜಾಸ್ತಿ, ಒದ್ದೆ ಬೆಲ್ಟ್ ಆಗ ಕೂಗುತ್ತದೆ. ಬಿರುಕು, ಹೊಳಪು ಕಂಡರೆ ಬದಲಿಸಿ, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಕೂಡ ನೋಡಿಸಿ. ಬೆಲ್ಟಿಗೆ ಎಣ್ಣೆ, ಸಾಬೂನು ಹಚ್ಚಬೇಡಿ.

ಪ್ರಶ್ನೆ: ನಾನು ಶಾಲೆಯಲ್ಲಿ ಟೀಚರ್, ಒಬ್ಬಳೇ ಕಾರು ಓಡಿಸುತ್ತೇನೆ. ಬ್ಯಾಟರಿ ಡೌನ್ ಆದಾಗ ಬೇರೆ ಕಾರಿನಿಂದ ಕೇಬಲ್ ಕೊಡುವ ಕ್ರಮ ಒಮ್ಮೆ ಸರಿಯಾಗಿ ಹೇಳಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಕಿಡಿ ಹಾರಿದರೆ ಹೆದರಿಕೆ.
— ಅಡೂರಿನ ಓದುಗರು

ಉತ್ತರ: ಟೀಚರ್, ಕಲಿತರೆ ಕಷ್ಟ ಏನಿಲ್ಲ. ಎರಡೂ ಕಾರು ಆಫ್ ಇರಲಿ, ಒಂದಕ್ಕೊಂದು ತಾಗದಿರಲಿ, ಎರಡೂ 12 ವೋಲ್ಟಿನ ಗಾಡಿಯೇ ಆಗಿರಲಿ. ಲಾರಿಯಿಂದ ತೆಗೆದುಕೊಳ್ಳಬೇಡಿ, ಅವು ಸಾಮಾನ್ಯವಾಗಿ 24 ವೋಲ್ಟ್. ಕೆಂಪು ಕೇಬಲ್ಲಿನ ಒಂದು ತುದಿ ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಅದರ ಕೊನೆಯ ತುದಿಯನ್ನು ನಿಮ್ಮ ಬ್ಯಾಟರಿಯ ಮೈನಸ್‌ಗೆ ಹಾಕಬೇಡಿ, ಇಂಜಿನ್ನಿನ ಬಣ್ಣ ಇಲ್ಲದ ಗಟ್ಟಿ ಕಬ್ಬಿಣದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಹಾಕಿ. ಚಿಕ್ಕ ಕಿಡಿ ಅಲ್ಲಿ ಹಾರಬಹುದು, ಗ್ಯಾಸ್ ಇರುವ ಬ್ಯಾಟರಿಯ ಬಾಯಿಯ ಹತ್ತಿರ ಹಾರಬಾರದು ಎಂಬುದೇ ಇದರ ಕಾರಣ. ಒಳ್ಳೆಯ ಬ್ಯಾಟರಿಯ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ನಿಮ್ಮದಕ್ಕೆ ಸೆಲ್ಫ್ ಹೊಡೆಯಿರಿ. ಕಳಚುವಾಗ ಹಾಕಿದ್ದಕ್ಕೆ ತಿರುಗಾ ಕ್ರಮ, ಇಂಜಿನ್ನಿನ ಕಪ್ಪು ಮೊದಲು.

ಕೇಬಲ್ ಕೊಟ್ಟರೂ ಟಿಕ್ ಟಿಕ್ ಟಿಕ್ ಅಂತ ಬಡಿದರೆ ಕ್ಲಿಪ್ ಸರಿಯಾಗಿ ಕಚ್ಚಿಲ್ಲ ಅಥವಾ ಕೇಬಲ್ ತೆಳು, ಇನ್ನೂ ಸ್ವಲ್ಪ ಹೊತ್ತು ಬಿಡಿ. ಒಂದೇ ಒಂದು ‘ಟಕ್’ ಕೇಳಿ, ಲೈಟು ಪ್ರಕಾಶವಾಗಿಯೇ ಉಳಿದರೆ ಸ್ಟಾರ್ಟರ್ ಮೋಟಾರಿನ ಕಡೆ ದೋಷ. ಏನೂ ಸದ್ದಿಲ್ಲದೆ ಲೈಟು ಮಾತ್ರ ಚೆನ್ನಾಗಿ ಉರಿದರೆ ಕ್ಲಚ್ ಪೂರ್ತಿ ಒತ್ತಿದ್ದೀರಾ, ಆಟೋಮ್ಯಾಟಿಕ್ ಆದರೆ ಗೇರ್ ಪಾರ್ಕಿನಲ್ಲಿದೆಯಾ ನೋಡಿ.

ಸ್ಟಾರ್ಟ್ ಆದ ಮೇಲೆ ಮೀಟರ್ ಇದ್ದರೆ ಒಮ್ಮೆ ಬ್ಯಾಟರಿಯ ಮೇಲಿಡಿ. 14ರ ಹತ್ತಿರ ಇದ್ದರೆ ಮನೆಗೆ ಹೊರಡಬಹುದು, ರಾತ್ರಿ ಚಾರ್ಜರ್‌ಗೆ ಹಾಕಿ. ಪೂರ್ತಿ ಖಾಲಿಯಾದ ಬ್ಯಾಟರಿ ಅಡೂರಿನಿಂದ ಮುಳ್ಳೇರಿಯಕ್ಕೆ ಓಡಿಸಿದಷ್ಟರಲ್ಲಿ ತುಂಬುವುದಿಲ್ಲ, ಅದಕ್ಕೆ ಚಾರ್ಜರಿನಲ್ಲಿ ಎಂಟು ಹತ್ತು ಗಂಟೆ ಬೇಕು. 12.5ರ ಕೆಳಗೆ ಇದ್ದು ಆಕ್ಸಿಲರೇಟರ್ ಒತ್ತಿದರೂ ಏರದಿದ್ದರೆ ಅಲ್ಲಿಂದ ಹೊರಡಬೇಡಿ, ಇಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ‘ಸ್ಟಾರ್ಟ್ ಆಗಿದೆ, ಚಾರ್ಜ್ ಇಲ್ಲ’ ಅಂತ ಹೇಳಿ. ಏನೇನು ತರಬೇಕು ಅಂತ ಅವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.